ಹಳೆಯ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿದರೆ ಕನ್ನಡ ಟೈಪಿಂಗ್‌ಗೆ ತೊಂದರೆಯಾಗುತ್ತದೆಯೇ?

ನಮಸ್ಕಾರ. ಹಿರಿಯೂರಿನಿಂದ ಕೇಳಿದ್ದೀರಿ: 2013ರ ಐ3 ಪ್ರೊಸೆಸರ್‌ನ ಲ್ಯಾಪ್‌ಟಾಪ್, 4 ಜಿಬಿ ರ‍್ಯಾಮ್, ವಿಂಡೋಸ್ 10 ತೆರೆದುಕೊಳ್ಳುವಷ್ಟರಲ್ಲಿ ಸಾಕಾಗಿಹೋಗುತ್ತದೆ, ಅಂಗಡಿಯವರು ಗುಜರಿಗೆ ಹಾಕಿ ಎನ್ನುತ್ತಿದ್ದಾರೆ. ಮಗಳ ಓದಿಗೂ, ‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ ನೀವು ಮಾಡುವ ಟೈಪಿಂಗ್‌ಗೂ ವಿಂಡೋಸ್ ಬದಲು ಉಚಿತ ಆಪರೇಟಿಂಗ್ ಸಿಸ್ಟಮ್ ಆದ ಲಿನಕ್ಸ್ ಆದೀತೇ?

ಖಂಡಿತ ಆಗುತ್ತದೆ, ದಯವಿಟ್ಟು ಗುಜರಿಗೆ ಹಾಕಬೇಡಿ. ದಾವಣಗೆರೆಯಲ್ಲಿ ಪರಿಚಯದವರ ಇಂಥ ಲ್ಯಾಪ್‌ಟಾಪ್‌ಗಳಿಗೆ ನಾನೇ ಲಿನಕ್ಸ್‌ನ ಒಂದು ಬಗೆಯಾದ ಲಿನಕ್ಸ್ ಮಿಂಟ್ ಹಾಕಿಕೊಟ್ಟಿದ್ದೇನೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ವಿಂಡೋಸ್ 11 ನಿಮ್ಮ ಪ್ರೊಸೆಸರನ್ನು ಒಪ್ಪುವುದಿಲ್ಲ. ಮಿಂಟ್ 22ಕ್ಕಾದರೆ 2029ರವರೆಗೆ ಬೆಂಬಲವಿದೆ.

ಲಿನಕ್ಸ್‌ಗಿಂತ ಮೊದಲು ಹಾರ್ಡ್ ಡಿಸ್ಕ್ ಬದಲಿಸಿ. ಆ ಕಾಲದ ಯಂತ್ರಗಳು ತೆವಳಲು ಬಹುಪಾಲು ಕಾರಣ ಆ ತಿರುಗುವ ಡಿಸ್ಕ್. ಅದರ ಜಾಗಕ್ಕೆ 2.5 ಇಂಚಿನ ಸಾಟಾ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ, ವೇಗದ ಡಿಸ್ಕ್) ಹಾಕಿಸಿ. ಬಿಚ್ಚಿದಾಗಲೇ ಫ್ಯಾನಿನ ಧೂಳು ತೆಗೆಸಿ, ಪ್ರೊಸೆಸರ್‌ನ ಬಿಸಿ ಹೊರಹೋಗಲು ನೆರವಾಗುವ ಥರ್ಮಲ್ ಪೇಸ್ಟ್ ಹೊಸದಾಗಿ ಹಚ್ಚಿಸಿ. ನಮ್ಮ ಬಯಲುಸೀಮೆಯ ಧೂಳಿಗೆ ಏಪ್ರಿಲ್ ಬಿಸಿಲೂ ಸೇರಿದರೆ ಪ್ರೊಸೆಸರ್ ಕಾದು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಯಾವ ಆಪರೇಟಿಂಗ್ ಸಿಸ್ಟಮ್ ಹಾಕಿದರೂ ಅದು ಸರಿಹೋಗುವುದಿಲ್ಲ.

ಮಿಂಟ್‌ನಲ್ಲಿ ಎಕ್ಸ್‌ಎಫ್‌ಸಿಇ ಆವೃತ್ತಿ ಆರಿಸಿಕೊಳ್ಳಿ, ಹಗುರವಾಗಿದೆ. ಮಿಂಟ್ ತುಂಬಿಸಿದ ಪೆನ್‌ಡ್ರೈವ್‌ನಿಂದಲೇ ಚಾಲೂ ಮಾಡಿ ವೈಫೈ, ಧ್ವನಿ, ಕ್ಯಾಮೆರಾ ನೋಡಿಕೊಂಡ ಮೇಲೆ ಇನ್‌ಸ್ಟಾಲ್ ಮಾಡಿ. ಬ್ರಾಡ್‌ಕಾಮ್ ಕಂಪನಿಯ ವೈಫೈ ಚಿಪ್ ಇದ್ದರೆ ಕೆಲವೊಮ್ಮೆ ಡ್ರೈವರ್ ಬೇರೆಯಾಗಿ ಹಾಕಬೇಕಾಗುತ್ತದೆ. ಆಗ ಮೊಬೈಲನ್ನು ಯುಎಸ್‌ಬಿ ಕೇಬಲ್‌ನಲ್ಲಿ ಜೋಡಿಸಿ ಇಂಟರ್ನೆಟ್ ಪಡೆಯಿರಿ.

ಇನ್ನು ಕನ್ನಡ. ನುಡಿ ತಂತ್ರಾಂಶ ವಿಂಡೋಸ್‌ಗಾಗಿ ಮಾಡಿದ್ದು, ಆದರೆ ನಿಮ್ಮ ಬೆರಳಿಗೆ ಒಗ್ಗಿರುವ ಕಗಪ ಕೀಲಿಮಣೆ ವಿನ್ಯಾಸ ಲಿನಕ್ಸ್‌ನಲ್ಲಿಯೂ ಇದೆ. ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ ಕನ್ನಡ ಕಗಪ ಸೇರಿಸಿಕೊಂಡರೆ ಹೊಸದಾಗಿ ಕಲಿಯುವುದು ಹೆಚ್ಚೇನೂ ಇರುವುದಿಲ್ಲ. ಟೈಪ್ ಮಾಡಿದ್ದೆಲ್ಲ ಯೂನಿಕೋಡ್ (ಎಲ್ಲ ಸಾಧನಗಳೂ ಒಪ್ಪುವ ಅಕ್ಷರ ಸಂಕೇತ) ಆಗಿರುವುದರಿಂದ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೂ ಅಕ್ಷರ ಕೆಡುವುದಿಲ್ಲ, ಗೂಗಲ್‌ನಲ್ಲಿ ಹುಡುಕಿದರೂ ಸಿಗುತ್ತದೆ. ತೊಡಕಿರುವುದು ಹಳೆಯ ನುಡಿ ಕಡತಗಳಲ್ಲಿ. ಅವುಗಳ ಅಕ್ಷರಗಳು ಆ ಫಾಂಟ್‌ಗಷ್ಟೇ ಅರ್ಥವಾಗುವ ಸಂಕೇತಗಳಾದ್ದರಿಂದ, ಫಾಂಟ್ ಇಲ್ಲದ ಕಡೆ ತೆರೆದರೆ ಇಂಗ್ಲಿಷ್ ಅಕ್ಷರಗಳು, ಚಿಹ್ನೆಗಳು ಕಲಸಿದಂತೆ ಕಾಣುತ್ತವೆ. ಮಾಹಿತಿ ಅಳಿಸಿಹೋಗಿರುವುದಿಲ್ಲ, ಗಾಬರಿಯಾಗಬೇಡಿ. ನುಡಿಯಿಂದ ಯೂನಿಕೋಡ್‌ಗೆ ಪರಿವರ್ತಿಸುವ ಸಾಧನಗಳು ಉಚಿತವಾಗಿಯೇ ಸಿಗುತ್ತವೆ. ಪರಿವರ್ತಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತುಗಳನ್ನು ಒಮ್ಮೆ ಕಣ್ಣಾರೆ ಓದಿ ನೋಡಿ, ತಪ್ಪಾಗುವುದು ಹೆಚ್ಚಾಗಿ ಅಲ್ಲಿಯೇ.

ಕಚೇರಿಗೆ ನುಡಿ ಕಡತವನ್ನೇ ಕೊಡಬೇಕಾದ ಕೆಲಸ ನಿಮಗಿದ್ದರೆ ಮೊದಲೇ ತಿಳಿಸಿ, ಆಗ ಲಿನಕ್ಸ್ ಜೊತೆಗೆ ವಿಂಡೋಸನ್ನೂ ಉಳಿಸಿಕೊಳ್ಳುವ ದಾರಿ ಹೇಳುತ್ತೇನೆ. ಬಿಚ್ಚಿದ ಹಳೆಯ ಡಿಸ್ಕನ್ನು ಅಂಗಡಿಯಲ್ಲಿ ಬಿಟ್ಟು ಬರಬೇಡಿ. ಮನೆಯ ಫೋಟೋ, ಕಡತಗಳೆಲ್ಲ ಇನ್ನೂ ಅದರಲ್ಲೇ ಇರುತ್ತವೆ.