ಕೋವಿ ಠಾಣೆಯಲ್ಲಿ, ಹಂದಿ ತೋಟದಲ್ಲಿ

ಓದುಗರ ಪ್ರಶ್ನೆ, ವಕೀಲರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಕೋವಿ ಲೈಸೆನ್ಸಿನ ಮಾತೇ ಜಾಸ್ತಿ. ಮಲೆನಾಡು, ಕರಾವಳಿ, ಕೊಡಗು ಮೂರೂ ಕಡೆಯವರು ಬರೆದಿದ್ದಾರೆ. ಕೆಲವರಿಗೆ ಸಿಟ್ಟು, ಕೆಲವರಿಗೆ ಗೊಂದಲ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ನಾಲ್ಕಕ್ಕೆ ಇಲ್ಲಿ ಉತ್ತರ ಬರೆದಿದ್ದೇನೆ.

ಪ್ರಶ್ನೆ: ವಕೀಲರೇ, ನನಗೆ ನಾಲ್ಕು ಎಕರೆ ಅಡಿಕೆ ತೋಟ, ಸ್ವಲ್ಪ ಗದ್ದೆ ಇದೆ. ಬೆಳೆ ರಕ್ಷಣೆಗೆ ಅಂತ ಅಪ್ಪನ ಕಾಲದಿಂದಲೂ ಒಂಟಿ ನಳಿಗೆ ಕೋವಿ ಇಟ್ಟುಕೊಂಡಿದ್ದೇವೆ. ನನ್ನ ಮೇಲೆ ಒಂದು ಕೇಸಿಲ್ಲ, ಊರಲ್ಲಿ ಯಾರ ಜೊತೆಗೂ ಜಗಳವಿಲ್ಲ. ಆದರೂ ಚುನಾವಣೆ ಬಂತು ಅಂದರೆ ಠಾಣೆಯಿಂದ ಫೋನ್ ಬರುತ್ತದೆ, "ನಾಳೆಯೊಳಗೆ ಕೋವಿ ತಂದಿಡಿ" ಅಂತ. 2024ರ ಲೋಕಸಭೆ ಚುನಾವಣೆಗೆ ಇಟ್ಟ ಕೋವಿ ಕೈಗೆ ಬರುವ ಹೊತ್ತಿಗೆ ಮಳೆಗಾಲ ಶುರುವಾಗಿತ್ತು. ನಳಿಗೆಗೆ ತುಕ್ಕು ಹಿಡಿದಿತ್ತು. ಅಷ್ಟರಲ್ಲಿ ಹಂದಿಗಳು ಬಾಳೆ, ಎಳೆ ಅಡಿಕೆ ಗಿಡ ಎಲ್ಲ ಎಬ್ಬಿಸಿ ಹಾಕಿದ್ದವು. ನಾನು ಕೋವಿ ಕೊಡಲೇಬೇಕಾ? ಕೊಡದಿದ್ದರೆ ಏನಾಗುತ್ತದೆ?
(ತೀರ್ಥಹಳ್ಳಿ ತಾಲೂಕಿನ ಬೆಳೆಗಾರರು)

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದು. ನನ್ನ ಮನೆಯಲ್ಲೂ ಲೈಸೆನ್ಸ್ ಇರುವ ಕೋವಿ ಇದೆ. ಚುನಾವಣೆ ಬಂದಾಗ ನಾನೂ ಅದನ್ನು ಹೊತ್ತುಕೊಂಡು ಠಾಣೆಯ ಮುಂದೆ ನಿಂತವನೇ. ಅಲ್ಲಿ ಬಂದವರ ಮುಖ ನೋಡಿದ್ದೇನೆ. ಹೆಚ್ಚಿನವರು ಅರವತ್ತು ದಾಟಿದವರು, ಬಸ್ಸಿಳಿದು ಗೋಣಿಚೀಲದಲ್ಲಿ ಕೋವಿ ಸುತ್ತಿಕೊಂಡು ಬಂದ ರೈತರು. ಇವರಿಂದ ಯಾವ ಮತಗಟ್ಟೆಗೆ ಅಪಾಯ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಈಗ ಕಾನೂನಿಗೆ ಬರೋಣ. ಲೈಸೆನ್ಸ್ ಇದ್ದವರೆಲ್ಲರೂ ಕೋವಿ ಒಪ್ಪಿಸಲೇಬೇಕು ಅಂತ ಚುನಾವಣಾ ಆಯೋಗ ಹೇಳಿಲ್ಲ. ಇದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಆಯೋಗದ ಸೂಚನೆಯ ಪ್ರಕಾರ ಪ್ರತಿ ಜಿಲ್ಲೆಯಲ್ಲೂ ಒಂದು ಸ್ಕ್ರೀನಿಂಗ್ ಕಮಿಟಿ ಇರಬೇಕು. ಅದರಲ್ಲಿ ಜಿಲ್ಲಾಧಿಕಾರಿ, ಎಸ್ಪಿ ಇರುತ್ತಾರೆ. ಅವರು ಒಬ್ಬೊಬ್ಬರ ಲೈಸೆನ್ಸನ್ನೂ ಬೇರೆ ಬೇರೆಯಾಗಿ ನೋಡಬೇಕು. ಜಾಮೀನಿನ ಮೇಲೆ ಹೊರಗಿರುವವರು, ಅಪರಾಧದ ಹಿನ್ನೆಲೆ ಇರುವವರು, ಹಿಂದೆ ಗಲಭೆಯಲ್ಲಿ, ಅದರಲ್ಲೂ ಚುನಾವಣೆ ಹೊತ್ತಿನ ಗಲಭೆಯಲ್ಲಿ ಸಿಕ್ಕಿಬಿದ್ದವರು, ಇಂಥವರ ಕಡೆ ಮುಖ್ಯವಾಗಿ ಗಮನ ಕೊಡಿ ಅಂತ ಸೂಚನೆಯಲ್ಲೇ ಇದೆ. ಬೇರೆಯವರದ್ದನ್ನು ತೆಗೆದುಕೊಳ್ಳಲೇಬಾರದು ಅಂತಲ್ಲ. ಆದರೆ ಯಾರ ಕೋವಿ ಬೇಕು, ಯಾಕೆ ಬೇಕು ಅಂತ ಯೋಚಿಸಿ ನೋಟಿಸು ಕೊಡಬೇಕು.

ನಡೆಯುತ್ತಿರುವುದು ಬೇರೆ. ತಾಲೂಕಿನ ಲೈಸೆನ್ಸುಗಳ ಪಟ್ಟಿ ಹಿಡಿದು ಮೇಲಿಂದ ಕೆಳಗಿನವರೆಗೆ ಫೋನ್ ಮಾಡುತ್ತಾರೆ. ಠಾಣೆಯ ಸಿಬ್ಬಂದಿಯನ್ನು ನಾನು ಬೈಯುವುದಿಲ್ಲ. ಚುನಾವಣೆ ಕೆಲಸದಲ್ಲಿ ಅವರಿಗೆ ನಿದ್ದೆಯೂ ಇರುವುದಿಲ್ಲ. ಎಲ್ಲರ ಕೋವಿಯನ್ನೂ ಇಸಿದುಕೊಂಡರೆ ಮೇಲಿನವರಿಗೆ ವರದಿ ಕಳಿಸುವುದು ಸುಲಭ. ಆದರೆ ಆ ಸುಲಭದ ಖರ್ಚನ್ನು ರೈತ ಭರಿಸಬೇಕಾಗಿದೆ.

2024ರ ಲೆಕ್ಕವನ್ನೇ ನೋಡಿ. ಮಾರ್ಚ್ 16ಕ್ಕೆ ಚುನಾವಣೆ ಘೋಷಣೆ. ನಿಮ್ಮ ಶಿವಮೊಗ್ಗ ಕ್ಷೇತ್ರದಲ್ಲಿ ಮೇ 7ಕ್ಕೆ ಮತದಾನ. ಎಣಿಕೆ ಜೂನ್ 4ಕ್ಕೆ. ಫಲಿತಾಂಶ ಬಂದು ಒಂದು ವಾರ ಕಳೆದ ಮೇಲೆ ಕೋವಿ ವಾಪಸು. ದಕ್ಷಿಣ ಕನ್ನಡ, ಚಿಕ್ಕಮಗಳೂರು, ಕೊಡಗಿನಲ್ಲಿ ಏಪ್ರಿಲ್ 26ಕ್ಕೇ ಮತದಾನ ಮುಗಿದಿತ್ತು. ಆಮೇಲೆ ಎಣಿಕೆಯವರೆಗೆ 39 ದಿನ ಅವರು ದೇಶದ ಉಳಿದ ಕಡೆಯ ಮತದಾನ ಮುಗಿಯಲಿ ಅಂತ ಕಾದರು. ಕಾಡುಹಂದಿ ಹಾಗೆ ಕಾಯುವುದಿಲ್ಲ ಅಲ್ವಾ? ಬೇಸಿಗೆಯಲ್ಲಿ ಕಾಡಿನಲ್ಲಿ ನೀರು ಬತ್ತುತ್ತದೆ. ನೀರು ಹಾಯಿಸಿದ ತೋಟ ಮಾತ್ರ ಮೆತ್ತಗೆ ಇರುತ್ತದೆ. ಹಂದಿ ಬರುವುದೇ ಆಗ.

ಹಾಗಂತ ಕೋವಿ ಕೊಡುವುದಿಲ್ಲ ಅಂತ ಮನೆಯಲ್ಲಿ ಕೂರಬೇಡಿ. ನೋಟಿಸು ಬಂದ ಮೇಲೆ ಏಳು ದಿನದೊಳಗೆ ಒಪ್ಪಿಸದಿದ್ದರೆ ಆದೇಶ ಮೀರಿದ ಕೇಸು ಬೀಳುತ್ತದೆ. ಮೊದಲು ಅದು ಐಪಿಸಿ 188 ಆಗಿತ್ತು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 223. ಒಮ್ಮೆ ಕೇಸಾದರೆ ಮುಂದಿನ ಸಲ "ಹಿನ್ನೆಲೆ ಇರುವವರು" ಅನ್ನುವ ಪಟ್ಟಿಗೆ ನೀವೂ ಸೇರುತ್ತೀರಿ. ಲೈಸೆನ್ಸಿಗೇ ಕುತ್ತು ಬರಬಹುದು.

ಮಾಡಬೇಕಾದದ್ದು ಇಷ್ಟು. ಚುನಾವಣೆ ಘೋಷಣೆಯಾದ ದಿನವೇ, ಅಧಿಸೂಚನೆ ಬರುವ ಮೊದಲೇ, ಸ್ಕ್ರೀನಿಂಗ್ ಕಮಿಟಿಗೆ ವಿನಾಯಿತಿ ಕೇಳಿ ಅರ್ಜಿ ಹಾಕಿ. ಜೊತೆಗೆ ಪಹಣಿ, ಲೈಸೆನ್ಸಿನ ಪ್ರತಿ, ಬೆಳೆ ಹಾನಿಗೆ ಅರಣ್ಯ ಇಲಾಖೆಗೆ ಹಿಂದೆ ಕೊಟ್ಟ ಅರ್ಜಿ, ಹಾನಿಯ ಫೋಟೋ ಇಡಿ. "ನನ್ನ ಮೇಲೆ ಯಾವ ಕೇಸೂ ಇಲ್ಲ" ಅಂತ ಸ್ಪಷ್ಟವಾಗಿ ಬರೆಯಿರಿ. ಅರ್ಜಿ ಕೊಟ್ಟದ್ದಕ್ಕೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳದೆ ಹೊರಗೆ ಬರಬೇಡಿ. ಬೆಳೆಹಾನಿ ಪರಿಹಾರ ಕಡಿಮೆ ಸಿಗುತ್ತದೆ ಅಂತ ನಮ್ಮ ರೈತರು ಅರ್ಜಿಯನ್ನೇ ಹಾಕುವುದಿಲ್ಲ. ಹಾಕಿ. ಆ ಕಾಗದ ದುಡ್ಡಿಗಿಂತ ಇಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಫೋನಿನಲ್ಲಿ ಹೇಳಿದರೆ "ಲಿಖಿತ ನೋಟಿಸು ಕೊಡಿ ಸರ್" ಅಂತ ಮರ್ಯಾದೆಯಿಂದ ಕೇಳಿ. ಕಾರಣವಿಲ್ಲದ ಸಾಮೂಹಿಕ ಆದೇಶವಾದರೆ ಹೈಕೋರ್ಟಿನಲ್ಲಿ ಪ್ರಶ್ನಿಸಬಹುದು. 2024ರ ಮಾರ್ಚಿನಲ್ಲಿ ಅಲಹಾಬಾದ್ ಹೈಕೋರ್ಟು, ಸ್ಕ್ರೀನಿಂಗ್ ಕಮಿಟಿ ಒಬ್ಬೊಬ್ಬರ ವಿಷಯದಲ್ಲೂ ಕಾರಣ ಕೊಡದೆ ಎಲ್ಲ ಲೈಸೆನ್ಸುದಾರರಿಗೂ ಕೋವಿ ಒಪ್ಪಿಸಿ ಅನ್ನುವಂತಿಲ್ಲ ಅಂತ ಹೇಳಿತು. ಆ ತೀರ್ಪು ನಮ್ಮ ರಾಜ್ಯದ ಅಧಿಕಾರಿಗಳನ್ನು ಕಟ್ಟಿಹಾಕುವುದಿಲ್ಲ, ಆದರೆ ನಮ್ಮ ಹೈಕೋರ್ಟಿನ ಮುಂದೆ ಇಟ್ಟು ವಾದಿಸಬಹುದು. ಒಬ್ಬರೇ ಹೋದರೆ ಖರ್ಚು ಜಾಸ್ತಿ. ಹತ್ತಾರು ಬೆಳೆಗಾರರು ಸೇರಿ ಹೋಗಿ.

ಕೊನೆಗೂ ಇಡಲೇಬೇಕಾಗಿ ಬಂದರೆ, ನಳಿಗೆಗೆ ಒಳಗೂ ಹೊರಗೂ ಎಣ್ಣೆ ಹಚ್ಚಿ ಬಟ್ಟೆ ಸುತ್ತಿ ಕೊಡಿ. ಕೊಡುವ ಮೊದಲು ನಳಿಗೆ, ಕುದುರೆ (ಟ್ರಿಗರ್), ಮರದ ಹಿಡಿ ಎಲ್ಲದರ ಫೋಟೋ ತೆಗೆದುಕೊಳ್ಳಿ. ರಸೀದಿಯಲ್ಲಿ ಕೋವಿಯ ನಂಬರಿನ ಜೊತೆ ಅದು ಯಾವ ಸ್ಥಿತಿಯಲ್ಲಿದೆ ಅಂತಲೂ ಬರೆಸಿ. ನೋಟಿಸಿನಲ್ಲಿ ಅವಕಾಶ ಇದ್ದರೆ ಲೈಸೆನ್ಸ್ ಇರುವ ಬಂದೂಕು ಅಂಗಡಿಯಲ್ಲೂ ಇಡಬಹುದು. ಬಾಡಿಗೆ ಕೊಡಬೇಕಾಗುತ್ತದೆ, ಆದರೆ ಅವರು ಚೆನ್ನಾಗಿ ನೋಡಿಕೊಳ್ಳುತ್ತಾರೆ.

ಇನ್ನೊಂದು ಮಾತು ಹೇಳಲೇಬೇಕು. ಬೆಳೆ ರಕ್ಷಣೆಯ ಲೈಸೆನ್ಸ್ ಅಂದರೆ ಹಂದಿ ಹೊಡೆಯುವ ಪರವಾನಗಿ ಅಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಪ್ರಕಾರ ಹಂದಿ ಕೊಲ್ಲಬೇಕಾದರೆ 11ನೇ ಕಲಮಿನ ಅಡಿಯಲ್ಲಿ ಲಿಖಿತ ಅನುಮತಿ ಬೇಕು. ಆನೆ, ಕಾಟಿ (ಕಾಡುಕೋಣ), ನವಿಲು ಆ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ, ಅವುಗಳ ತಂಟೆಗೆ ಹೋಗಲೇಬೇಡಿ. ನಿಮ್ಮ ಕೋವಿಯ ಕೆಲಸ ಗಾಳಿಯಲ್ಲಿ ಒಂದು ಈಡು ಹೊಡೆದು ಬೆದರಿಸಿ ಓಡಿಸುವುದು. ಕೋವಿ ಠಾಣೆಯಲ್ಲಿದ್ದಾಗ ರೈತರು ಏನು ಮಾಡುತ್ತಾರೆ ಗೊತ್ತಾ? ಕೆಲವರು ಗರ್ನಾಲು (ದೊಡ್ಡ ಸದ್ದಿನ ಪಟಾಕಿ) ಹೊಡೆಯುತ್ತಾರೆ, ಕೆಲವರು ಬೇಲಿಗೆ ನೇರವಾಗಿ ಕರೆಂಟು ಕೊಡುತ್ತಾರೆ. ಆ ಕರೆಂಟಿಗೆ ಆನೆಯೂ ಸಾಯುತ್ತದೆ, ಪಕ್ಕದ ಮನೆಯ ಹುಡುಗನೂ ಸಾಯುತ್ತಾನೆ. ಲೈಸೆನ್ಸ್ ಇರುವ ಕೋವಿಯನ್ನು ತಿಂಗಳುಗಟ್ಟಲೆ ಕಿತ್ತಿಟ್ಟುಕೊಳ್ಳುವ ಅಧಿಕಾರಿಗಳು ಇದನ್ನೂ ಯೋಚಿಸಬೇಕು ಅಂತ ನಾನು ಕೈಮುಗಿದು ಕೇಳುತ್ತೇನೆ.

ಪ್ರಶ್ನೆ: ನಮ್ಮ ತಂದೆಗೆ 74 ವರ್ಷ. ಅವರ ಹೆಸರಿನಲ್ಲಿ ಮೂರು ಕೋವಿ ಇದ್ದವು. ಹೊಸ ಕಾನೂನು ಬಂದಾಗ ಅಜ್ಜನ ಕೇಪಿನ ಕೋವಿಯನ್ನು (ನಳಿಗೆಯ ಬಾಯಿಂದ ಮದ್ದು ತುಂಬುವ ಹಳೆಯ ಕೋವಿ) ಬೇಸರದಲ್ಲೇ ಒಪ್ಪಿಸಿದರು. ಈಗ ಜೋಡುನಳಿಗೆ ಕೋವಿಯನ್ನು ನನ್ನ ಹೆಸರಿಗೆ ಮಾಡಿಕೊಡಬೇಕು ಅಂತಿದ್ದಾರೆ. ತೋಟ ನೋಡಿಕೊಳ್ಳುವುದು ನಾನೇ. ಆದರೆ "ಹೆಣ್ಣುಮಕ್ಕಳಿಗೆ ಕೋವಿ ಯಾಕಮ್ಮಾ, ಗಂಡನ ಹೆಸರಲ್ಲಿ ಹಾಕಿ" ಅಂತ ಕಚೇರಿಯವರು ಅರ್ಜಿಯನ್ನೇ ತೆಗೆದುಕೊಳ್ಳುತ್ತಿಲ್ಲ.
(ಕೊಪ್ಪ ಕಡೆಯ ಕಾಫಿ ಬೆಳೆಗಾರ್ತಿ)

ಉತ್ತರ: ನೋಡಿ ತಂಗಿ, ಹಾಗೆ ಹೇಳುವ ಅಧಿಕಾರ ಯಾರಿಗೂ ಇಲ್ಲ. ಶಸ್ತ್ರಾಸ್ತ್ರ ಕಾಯ್ದೆ, 1959ರಲ್ಲಿ ಗಂಡು, ಹೆಣ್ಣು ಅನ್ನುವ ಭೇದವೇ ಇಲ್ಲ. 21 ವರ್ಷ ತುಂಬಿರಬೇಕು, ಬುದ್ಧಿ ಸ್ಥಿಮಿತದಲ್ಲಿರಬೇಕು, ಕಾಯ್ದೆ ಹೇಳುವ ಅಪರಾಧಗಳಲ್ಲಿ ಶಿಕ್ಷೆಯಾಗಿರಬಾರದು. ತೋಟದ ಜವಾಬ್ದಾರಿ ನಿಮ್ಮದು ಅಂದ ಮೇಲೆ ಕೋವಿಯೂ ನಿಮ್ಮ ಹೆಸರಿನಲ್ಲೇ ಇರಬೇಕು. ಗಂಡನ ಹೆಸರಿನಲ್ಲಿ ಲೈಸೆನ್ಸ್ ಮಾಡಿಸಿ ನೀವು ಕೋವಿ ಹಿಡಿದರೆ ಅದೇ ತಪ್ಪಾಗುತ್ತದೆ.

2016ರ ಶಸ್ತ್ರಾಸ್ತ್ರ ನಿಯಮಗಳು ನಿಮ್ಮ ಪರವಾಗಿಯೇ ಇವೆ. ಲೈಸೆನ್ಸುದಾರರಿಗೆ 70 ವರ್ಷ ಆಗಿದ್ದರೆ, ಇಲ್ಲವೇ ಕೋವಿ 25 ವರ್ಷ ಅವರ ಬಳಿ ಇದ್ದರೆ, ಅವರು ಬದುಕಿರುವಾಗಲೇ ವಾರಸುದಾರರಿಗೆ ಲೈಸೆನ್ಸ್ ಕೊಡಬಹುದು. ತಂದೆಯವರ ಒಪ್ಪಿಗೆ ಪತ್ರ, ಅಣ್ಣತಮ್ಮಂದಿರು ಅಕ್ಕತಂಗಿಯರಿದ್ದರೆ ಅವರ ಆಕ್ಷೇಪಣೆ ಇಲ್ಲ ಅನ್ನುವ ಪತ್ರ ಸೇರಿಸಿ. ಕೈಯಲ್ಲಿ ತೆಗೆದುಕೊಳ್ಳದಿದ್ದರೆ ಜಿಲ್ಲಾಧಿಕಾರಿಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿ. ತಿರಸ್ಕರಿಸಿದರೆ ಕಾರಣ ಬರೆದು ಕೊಡಬೇಕು. ಅದರ ಮೇಲೆ 18ನೇ ಕಲಮಿನ ಪ್ರಕಾರ ಮೇಲ್ಮನವಿ ಇದೆ.

ಮೂರನೇ ಕೋವಿಯ ವಿಷಯ. 2019ರ ತಿದ್ದುಪಡಿ ಮಸೂದೆ ಮೊದಲು ಬಂದಾಗ ಒಬ್ಬರಿಗೆ ಒಂದೇ ಕೋವಿ ಅಂತಿತ್ತು. ವಿರೋಧ ಬಂದ ಮೇಲೆ ಎರಡಕ್ಕೆ ಏರಿಸಿದರು. ಅದು 2019ರ ಡಿಸೆಂಬರ್ 14ರಿಂದ ಜಾರಿಗೆ ಬಂತು, ಹೆಚ್ಚಿನದನ್ನು ಒಪ್ಪಿಸಲು ಒಂದು ವರ್ಷ ಸಮಯ ಕೊಟ್ಟಿತ್ತು. ನನ್ನ ಅಭಿಪ್ರಾಯ ಕೇಳಿದರೆ, ಬೆಳೆ ಕಾಯಲು ಒಬ್ಬರಿಗೆ ಎರಡು ಕೋವಿ ಸಾಕು. ಆದರೆ ಅಜ್ಜನ ಕೇಪಿನ ಕೋವಿಯಂಥ ಮನೆತನದ ವಸ್ತುವಿಗೆ ಬೇರೆ ದಾರಿ ಇಡಬೇಕಿತ್ತು. ಮಿತಿ ಇರುವುದು ಒಬ್ಬ ವ್ಯಕ್ತಿಗೆ, ಇಡೀ ಮನೆಗೆ ಅಲ್ಲ. ಆಗಲೇ ಇದು ಗೊತ್ತಿದ್ದು ಎಷ್ಟೋ ಮನೆಗಳವರು ಮಕ್ಕಳ ಹೆಸರಿಗೆ ಅರ್ಜಿ ಹಾಕಿದ್ದರೆ ಹಳೆಯ ಕೋವಿಗಳು ಉಳಿಯುತ್ತಿದ್ದವು. ನಿಮ್ಮ ತಂದೆ ಅದನ್ನು ಅಂಗಡಿಯಲ್ಲಿ ಇಟ್ಟಿದ್ದು ಇನ್ನೂ ಅಲ್ಲೇ ಇದ್ದರೆ, ಜೋಡುನಳಿಗೆಯ ಅರ್ಜಿಯಲ್ಲೇ ಅದನ್ನೂ ಸೇರಿಸಿ ಕೇಳಿ ನೋಡಿ. ನಿಮ್ಮ ಹೆಸರಿಗೆ ಎರಡರವರೆಗೆ ಅವಕಾಶ ಇದೆ.

ಪ್ರಶ್ನೆ: ನಾವು ಜಮ್ಮಾ (ಕೊಡಗಿನ ಹಳೆಯ ವಂಶಪಾರಂಪರ್ಯ ಜಮೀನು) ಹಿಡುವಳಿದಾರರು. ಕೊಡಗಿನ ಕೋವಿ ವಿನಾಯಿತಿ ಹೋಗುತ್ತದೆ ಅಂತ ಎಲ್ಲರೂ ಮಾತಾಡುತ್ತಿದ್ದಾರೆ. ಪುತ್ತರಿ ಸುಗ್ಗಿ ಹಬ್ಬಕ್ಕೆ ಈಡು ಹೊಡೆದರೂ ಎರಡು ವರ್ಷ ಜೈಲು ಅಂತಾರೆ. ನಿಜವಾ?
(ವಿರಾಜಪೇಟೆ ಕಡೆಯ ಓದುಗರು)

ಉತ್ತರ: ಗಾಬರಿ ಬೇಡ. ಕೊಡವರಿಗೂ, ಯಾವ ಸಮುದಾಯದವರೇ ಆಗಲಿ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇರುವುದು ಶಸ್ತ್ರಾಸ್ತ್ರ ಕಾಯ್ದೆಯ 41ನೇ ಕಲಮಿನ ಅಡಿಯಲ್ಲಿ. ಇದರ ಬೇರು ಬ್ರಿಟಿಷರ ಕಾಲದ್ದು. 2019ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಇದನ್ನು 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿದೆ. ಇದನ್ನು ಪ್ರಶ್ನಿಸಿ ಹಾಕಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟು 2021ರಲ್ಲಿ ತಳ್ಳಿಹಾಕಿತು. ಲೈಸೆನ್ಸ್ ಬೇಡ ಅಂದ ಮಾತ್ರಕ್ಕೆ ಕಾಗದವೇ ಬೇಡ ಅಂತಲ್ಲ, ವಿನಾಯಿತಿ ಪತ್ರವನ್ನು ಜೋಪಾನವಾಗಿಡಿ.

ಈಡಿನ ವಿಷಯ. 2019ರ ತಿದ್ದುಪಡಿ ಶಿಕ್ಷೆ ಹೇಳಿದ್ದು ನಿಜ, ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಆದರೆ ಅದು ಬೇರೆಯವರ ಜೀವಕ್ಕೆ, ಸುರಕ್ಷತೆಗೆ ಅಪಾಯವಾಗುವ ಹಾಗೆ ಸಂಭ್ರಮಕ್ಕೆ ಗುಂಡು ಹಾರಿಸಿದವರಿಗೆ. ಮದುವೆ ಮೆರವಣಿಗೆಯಲ್ಲಿ ಗುಂಡು ಹಾರಿಸಿ ಜನ ಸತ್ತ ಸುದ್ದಿ ಉತ್ತರದ ಕಡೆಯಿಂದ ಬರುತ್ತಲೇ ಇತ್ತು. ಅದನ್ನು ನಿಲ್ಲಿಸಲು ತಂದ ಕಾನೂನು ಇದು, ಸರಿಯಾಗಿಯೇ ಇದೆ. ಪುತ್ತರಿಗೆ ಕದಿರು ತೆಗೆಯುವಾಗ ಗದ್ದೆಯಲ್ಲಿ ಆಕಾಶಕ್ಕೆ ಹೊಡೆಯುವ ಈಡನ್ನು, ಸಾವಿನ ಮನೆಯ ಜೋಡಿ ಈಡನ್ನು ಇದರ ಜೊತೆ ಸೇರಿಸುವುದು ಸರಿಯಲ್ಲ. ಆದರೂ ಒಂದು ಕೆಲಸ ಮಾಡಿ. ಈಡು ಹೊಡೆಯುವವರು ಒಬ್ಬರೇ ಇರಲಿ, ಅನುಭವಸ್ಥರಿರಲಿ, ಕುಡಿದಿರಬಾರದು. ಚರೆ (ಸೀಸದ ಸಣ್ಣ ಗುಂಡು) ತುಂಬಿದ ತೋಟಾ ಬೇಡ, ಮದ್ದು ಮಾತ್ರ ಇರಲಿ. ಮಕ್ಕಳನ್ನು ಹಿಂದೆ ನಿಲ್ಲಿಸಿ. ಆಯುಧ ಪೂಜೆಯ ಹಬ್ಬವಾದ ಕೈಲ್ ಪೊಳ್ದಿನ ದಿನ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಇಟ್ಟರೆ, ಗುರಿಯ ಹಿಂದೆ ಮಣ್ಣಿನ ದಿಬ್ಬ ಇರುವ ಜಾಗವನ್ನೇ ಆರಿಸಿ.

ಪ್ರಶ್ನೆ: ನನ್ನ ಲೈಸೆನ್ಸಿನ ಅವಧಿ ಮುಂದಿನ ವರ್ಷ ಮುಗಿಯುತ್ತದೆ. ಮೂರು ವರ್ಷಕ್ಕೊಮ್ಮೆ ಓಡಾಡಿ ಸಾಕಾಗಿದೆ. ಬದಲಾಗಿದೆಯಾ?
(ಸಿದ್ದಾಪುರ, ಉತ್ತರ ಕನ್ನಡ)

ಉತ್ತರ: ಬದಲಾಗಿದೆ. ಅದೇ 2019ರ ತಿದ್ದುಪಡಿ ಲೈಸೆನ್ಸಿನ ಅವಧಿಯನ್ನು ಮೂರರಿಂದ ಐದು ವರ್ಷಕ್ಕೆ ಏರಿಸಿದೆ. ಆ ಕಾನೂನು ನಮಗೆ ಕೊಟ್ಟ ಒಳ್ಳೆಯದು ಇದೊಂದು. ಅವಧಿ ಮುಗಿಯುವ ಎರಡು ತಿಂಗಳು ಮೊದಲೇ ಅರ್ಜಿ ಹಾಕಿ. ಲೈಸೆನ್ಸಿನ ಮೇಲೆ ಯುಐಎನ್ (ವಿಶಿಷ್ಟ ಗುರುತಿನ) ನಂಬರ್ ಇದೆಯಾ ಅಂತ ಈಗಲೇ ನೋಡಿಕೊಳ್ಳಿ. ಇಲ್ಲದಿದ್ದರೆ ಜಿಲ್ಲಾಧಿಕಾರಿ ಕಚೇರಿಯ ಶಸ್ತ್ರಾಸ್ತ್ರ ವಿಭಾಗಕ್ಕೆ ನಾಳೆಯೇ ಹೋಗಿ, ಅದಿಲ್ಲದೆ ನವೀಕರಣ ಆಗುವುದಿಲ್ಲ. ಅವಧಿ ಮುಗಿಯುವ ದಿನ ಕೋವಿ ಚುನಾವಣೆಗಾಗಿ ಠಾಣೆಯಲ್ಲಿದ್ದರೂ ನವೀಕರಣದ ಅರ್ಜಿ ನಿಲ್ಲಿಸಬೇಡಿ, ಠಾಣೆಯ ರಸೀದಿಯ ಪ್ರತಿ ಸೇರಿಸಿ ಕೊಡಿ.