ಕಥೆ ಬರೆಯುವವರ ಪ್ರಶ್ನೆಗಳು: ವಿಜ್ಞಾನ ಕಥೆಯ ಸುಖಾಂತ್ಯ

ಪ್ರಶ್ನೆ: 2090ರಲ್ಲಿ ಮುಂಬಯಿ ಮುಳುಗುವ ಬಗ್ಗೆ 3,000 ಪದಗಳ ಕಥೆ ಬರೆದಿದ್ದೇನೆ. ನಾಯಕಿ ಮಾಹಿಮ್‌ನಲ್ಲಿ ಮೀನು ಮಾರುವವಳು. ಕೊನೆಗೆ ವಿಜ್ಞಾನಿಯೊಬ್ಬರು ನೀರು ಹೀರುವ ಯಂತ್ರ ತಂದು ಧಾರಾವಿಯನ್ನು ಉಳಿಸುತ್ತಾರೆ. ಓದಿದವರು ‘ಕೊನೆ ಸಪ್ಪೆಯಾಯಿತು’ ಅಂದರು. ಎಲ್ಲರೂ ಸಾಯುವ ಹಾಗೆ ಬದಲಿಸಲೇ? (ಡೊಂಬಿವಿಲಿಯ ಓದುಗರು)

ಉತ್ತರ: ಬೇಡ. ಧಾರಾವಿ ಉಳಿಯಲಿ, ಯಂತ್ರ ಹೋಗಲಿ. ಸುಳಿವೇ ಇಲ್ಲದ ಯಂತ್ರ ಕೊನೆಯ ಪುಟದಲ್ಲಿ ಬಂದು ಕಾಪಾಡಿದರೆ ಅಲ್ಲಿಯವರೆಗೆ ಪಾತ್ರಗಳು ಪಟ್ಟ ಪಾಡೆಲ್ಲ ವ್ಯರ್ಥ. ಸಪ್ಪೆ ಎನಿಸಿದ್ದು ಅದಕ್ಕೇ.

ಕಾಪಾಡುವ ದಾರಿ ನಿಮ್ಮ ಕಥೆಯ ನೀರಿನಲ್ಲೇ ಇದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿ.ಮೀ. ಮಳೆ ಸುರಿಯಿತು. ಅಂಥ ಮಳೆಗೆ ದೊಡ್ಡ ಉಬ್ಬರ ಜೊತೆಯಾದರೆ ಚರಂಡಿ ನೀರು ಸಮುದ್ರಕ್ಕೆ ಇಳಿಯುವುದಿಲ್ಲ. ಆಗ ಚರಂಡಿಯ ಬಾಯಿಯ ತೂಬು ತೆರೆದರೆ ಸಮುದ್ರವೇ ಒಳಗೆ ಬರುತ್ತದೆ; ಇಳಿತಕ್ಕೆ ಕಾಯಲೇಬೇಕು. ಉಬ್ಬರ ಪೂರ್ತಿ ಇಳಿಯಲು ಸುಮಾರು ಆರೂಕಾಲು ಗಂಟೆ ಬೇಕು. ಅದರ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಮೀನಿನ ವ್ಯಾಪಾರದವರಿಗೆ ಇದು ದಿನನಿತ್ಯದ ಲೆಕ್ಕ.

ಹಾಗಾಗಿ ಮೊದಲ 600 ಪದಗಳೊಳಗೆ ನಾಯಕಿ ಗೋಡೆಯ ಕ್ಯಾಲೆಂಡರಿನಲ್ಲಿ ಇಳಿತದ ಹೊತ್ತು ನೋಡಲಿ. ಆದರೆ ದೋಣಿ ಯಾವಾಗ ಬರುತ್ತದೆ, ಐಸ್ ಎಷ್ಟು ತರಿಸಬೇಕು ಎಂದು ತಿಳಿಯಲು ಮಾತ್ರ. ಬೇರೆ ಕೆಲಸಕ್ಕೆ ಬಳಸಿ ತೋರಿಸಿದ್ದನ್ನು ಓದುಗರು ನೆನಪಿಟ್ಟುಕೊಳ್ಳುತ್ತಾರೆ, ಅನುಮಾನಿಸುವುದಿಲ್ಲ. ಕಥೆಯ ನಡುವೆ ಯಾರೋ ಗಾಬರಿಯಿಂದ ಒಂದು ಗಂಟೆ ಮೊದಲೇ ತೂಬು ತೆರೆದು ಒಂದು ಗಲ್ಲಿ ಕೊಚ್ಚಿಹೋಗಲಿ. ಈ ಸೋಲು ಬಹಳ ಮುಖ್ಯ. ನಿಯಮ ಎಷ್ಟು ಕಟ್ಟುನಿಟ್ಟು ಎಂಬುದು ಓದುಗರಿಗೆ ಮನದಟ್ಟಾಗುವುದು ಇಲ್ಲೇ. ಕೊನೆಗೆ ಅವಳು ಜನರನ್ನು ತಡೆದು ನಿಲ್ಲಿಸಿ, ಹೊತ್ತು ನೋಡಿ ತೆರೆಸಲಿ. ಕೊಚ್ಚಿಹೋದ ಗಲ್ಲಿಯನ್ನು ಮಾತ್ರ ವಾಪಸು ತರಬೇಡಿ.

ಪಂಪುಗಳು ಏಕೆ ನಿಂತಿವೆ ಎಂಬುದನ್ನೂ ಮೊದಲೇ ಹೇಳಿಬಿಡಿ. ಮಳೆನೀರನ್ನು ಸಮುದ್ರಕ್ಕೆ ಎತ್ತಿ ಹಾಕುವ ಹಾಜಿ ಅಲಿ, ಲವ್ ಗ್ರೋವ್ ಪಂಪಿಂಗ್ ಸ್ಟೇಷನ್‌ಗಳನ್ನು ಬಲ್ಲ ಮುಂಬಯಿಯವರು ಕೇಳಿಯೇ ಕೇಳುತ್ತಾರೆ.

ತಿದ್ದುವಾಗ ಕೊನೆಯ ದೃಶ್ಯದಿಂದ ಹಿಂದಕ್ಕೆ ಬನ್ನಿ. ಅಲ್ಲಿ ಕೆಲಸಕ್ಕೆ ಬಂದ ಪ್ರತಿ ವಸ್ತು ಮೊದಲು ಎಲ್ಲಿ ಕಾಣಿಸಿತು ಎಂದು ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಕೊನೆಯ ಸಾವಿರ ಪದಗಳಲ್ಲಿ ಮೊದಲ ಸಲ ಕಾಣಿಸಿದ್ದನ್ನು ಮೇಲಕ್ಕೆ ಒಯ್ಯಿರಿ, ಇಲ್ಲವೇ ತೆಗೆದುಹಾಕಿ.

ಪ್ರಶ್ನೆ: ಗಂಭೀರ ವಿಜ್ಞಾನ ಕಥೆ ದುಃಖಾಂತವೇ ಆಗಿರಬೇಕೆ? (ಪುಣೆಯ ಓದುಗರು)

ಉತ್ತರ: ಖಂಡಿತ ಇಲ್ಲ. ಬಂಗಾಳದ ಲೇಖಕಿ ರೊಕೆಯಾ ಅವರ ‘ಸುಲ್ತಾನಾಸ್ ಡ್ರೀಮ್’ (1905) ಕಥೆ ಸುಖದಲ್ಲೇ ನಿಲ್ಲುವ ಲೋಕವನ್ನು ಕಟ್ಟಿತು. ಅದರಲ್ಲಿ ಶತ್ರುಸೇನೆಯನ್ನು ಓಡಿಸುವುದು ಬಿಸಿಲಿನ ಶಾಖ. ಮಹಿಳೆಯರ ವಿಶ್ವವಿದ್ಯಾಲಯ ಅದನ್ನು ಕೂಡಿಡಲು ಕಲಿತದ್ದು ಯುದ್ಧಕ್ಕೆ ಮುಂಚೆ, ಆಗ ಗಂಡಸರು ನಕ್ಕಿದ್ದರು. ಗೆಲುವು ಒಪ್ಪಿಗೆಯಾಗುವುದು ಆ ಮುಂಚಿನ ಸಿದ್ಧತೆಯಿಂದ.

ದುಃಖಾಂತವನ್ನೂ ಬಲವಂತವಾಗಿ ಹೇರಬಹುದು. ‘ದಿ ಕೋಲ್ಡ್ ಈಕ್ವೇಶನ್ಸ್’ (1954) ಕಥೆಯಲ್ಲಿ ಹುಡುಗಿಯೊಬ್ಬಳು ಬಾಹ್ಯಾಕಾಶ ನೌಕೆಯಲ್ಲಿ ಅಡಗಿ ಕೂರುತ್ತಾಳೆ, ಅವಳ ಭಾರಕ್ಕೆ ಸಾಲುವಷ್ಟು ಇಂಧನ ಅದರಲ್ಲಿಲ್ಲ. ಬರೆದ ಟಾಮ್ ಗಾಡ್ವಿನ್ ಅವಳನ್ನು ಉಳಿಸುತ್ತಲೇ ಇದ್ದರು. ಅವಳು ಸಾಯಲೇಬೇಕೆಂದು ಸಂಪಾದಕ ಜಾನ್ ಕ್ಯಾಂಬೆಲ್ ಕಥೆಯನ್ನು ಮತ್ತೆ ಮತ್ತೆ ಹಿಂದಿರುಗಿಸಿದರು. ನೌಕೆಯಲ್ಲಿ ಒಂದಿಷ್ಟೂ ಹೆಚ್ಚುವರಿ ಇಂಧನ ಏಕಿರಲಿಲ್ಲ ಎಂದು ಓದುಗರು ಇಂದಿಗೂ ವಾದಿಸುತ್ತಾರೆ. ಆ ಪ್ರಶ್ನೆ ನ್ಯಾಯವಾದದ್ದು.

ಪ್ರಶ್ನೆ: ನನ್ನ ಕಥೆ ಗೋವಾದ ಖಾಜನ್ ಗದ್ದೆಗಳದು (ಉಪ್ಪುನೀರು ನುಗ್ಗದಂತೆ ಬದು, ತೂಬು ಕಟ್ಟಿದ ತಗ್ಗು ಗದ್ದೆಗಳು). ಊರು ಉಳಿದ ಮೇಲೆ ‘ಇಪ್ಪತ್ತು ವರ್ಷಗಳ ನಂತರ’ ಎಂಬ ಭಾಗ ಬೇಕೆ? (ವಾಸ್ಕೋದ ಓದುಗರು)

ಉತ್ತರ: ಸಾಮಾನ್ಯವಾಗಿ ಬೇಡ. ಮರುದಿನದ ಒಂದು ಕೆಲಸ ಸಾಕು: ಒಡೆದ ಬದುವಿಗೆ ಮಣ್ಣು ಹಾಕುವುದೋ, ಮಾನಸ್ ತೂಬಿನ ಮರದ ಬಾಗಿಲು ಉಬ್ಬರದ ಒತ್ತಡಕ್ಕೆ ಸರಿಯಾಗಿ ಮುಚ್ಚುತ್ತದೆಯೇ ಎಂದು ನೋಡುವುದೋ. ಆ ಭಾಗ ಇರಲೇಬೇಕೆನಿಸಿದರೆ 100 ಪದ ದಾಟಿಸಬೇಡಿ, ಹೊಸ ಪಾತ್ರ ತರಬೇಡಿ, ಉಪ್ಪುನೀರು ನುಗ್ಗಿದ ಗದ್ದೆಯಲ್ಲಿ ಮರುವರ್ಷವೇ ಹುಲುಸಾದ ಬೆಳೆ ಬಂತೆಂದು ಬರೆಯಬೇಡಿ.