ನಂಬರ್ ಕೇಳಿದ ಗುಮಾಸ್ತರಿಂದ ಶುರು ಮಾಡಿ

ಆತ್ಮೀಯರೇ,

ಹಲವು ಯಂತ್ರಗಳಲ್ಲಿ ಹಂಚಿಟ್ಟ, ಮಾಮೂಲಿ ಕೋಷ್ಟಕಗಳ ಕಟ್ಟುಪಾಡಿಲ್ಲದ ನೋಎಸ್‌ಕ್ಯೂಎಲ್ ಡೇಟಾಬೇಸಿನಲ್ಲಿ ಇಂಡೆಕ್ಸ್ (ಬೇಕಾದ್ದನ್ನು ಬೇಗ ಹುಡುಕಲು ಇಡುವ ಪಟ್ಟಿ) ಹೇಗೆ ಕೆಲಸ ಮಾಡುತ್ತದೆ ಅಂತ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಬಿಟ್ಟುಬಿಡಲೂ ಮನಸ್ಸಿಲ್ಲ, ಅದಕ್ಕೇ ಇಷ್ಟು ಉದ್ದದ ಪತ್ರ.

ಮೊದಲ ಒಂದೂವರೆ ಪುಟ ತೆಗೆಯಿರಿ. ಅಮೆಜಾನಿನವರು 2007ರಲ್ಲಿ ತಮ್ಮ ಡೈನಮೊ ಎಂಬ ಡೇಟಾ ವ್ಯವಸ್ಥೆಯ ಬಗ್ಗೆ ಪ್ರಬಂಧ ಬರೆದದ್ದು, ಫೇಸ್‌ಬುಕ್ 2008ರಲ್ಲಿ ಕಸ್ಸಾಂಡ್ರಾ ಡೇಟಾಬೇಸನ್ನು ಎಲ್ಲರಿಗೂ ಬಿಟ್ಟುಕೊಟ್ಟದ್ದು, ಎಲ್ಲ ಸರಿ. ಅದಕ್ಕೆ ಒಂದು ಸಾಲು ಸಾಕು. 'ದ್ವಿತೀಯಕ ಸೂಚಿ' ಅಂತಲೂ ಬರೆಯಬೇಡಿ. ನೀವೇ ಆಫೀಸಿನಲ್ಲಿ ಇಂಡೆಕ್ಸ್ ಅನ್ನುತ್ತೀರಿ, ಅಲ್ವಾ?

ನಿಮ್ಮ ನಿಜವಾದ ಲೇಖನ ಶುರುವಾಗುವುದು ನಾಲ್ಕನೇ ಪುಟದಲ್ಲಿ. ಅಪ್ಪನ ಜೊತೆ ಶಿರಸಿಯ ಅಡಿಕೆ ಸೊಸೈಟಿಗೆ ಚೀಲ ತಂದಿದ್ದೀರಿ. ಅಪ್ಪ ಹೆಸರು ಹೇಳುವ ಮೊದಲೇ ಗುಮಾಸ್ತರು ತಲೆ ಎತ್ತದೆ "ನಂಬರ್ ಎಷ್ಟು?" ಅಂದರು. ನಂಬರ್ ಕೇಳಿದ್ದೇ ತಡ, ಆರು ದಪ್ಪ ಪುಸ್ತಕಗಳಲ್ಲಿ ಸರಿಯಾದ ಒಂದನ್ನೇ ಎಳೆದರು. ಇದನ್ನು ಎರಡು ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಲ್ಲ! ಯಾವ ಡೇಟಾ ಯಾವ ಯಂತ್ರದಲ್ಲಿ ಅಂತ ತೀರ್ಮಾನಿಸುವ ಪಾರ್ಟಿಶನ್ ಕೀ ಅಂದರೆ ಆ ನಂಬರಿನಂಥದ್ದೇ. ಕೀ ಗೊತ್ತಿದ್ದರೆ ಯಾವ ಯಂತ್ರವನ್ನು ಕೇಳಬೇಕು ಅನ್ನುವುದು ಮೊದಲೇ ಗೊತ್ತು. ಉಳಿದ ಯಂತ್ರಗಳ ಗೋಜಿಗೆ ಹೋಗಬೇಕಾಗಿಲ್ಲ.

ಇಲ್ಲೊಂದು ತಪ್ಪಿದೆ. ಕುಮಟೆಯವರ ಡೇಟಾ ಕುಮಟೆಗೆ ಹತ್ತಿರದ ಯಂತ್ರಕ್ಕೆ ಹೋಗುತ್ತದೆ ಅಂದಿದ್ದೀರಿ. ಹಾಗಲ್ಲ. ಅಮೆಜಾನಿನ ಡೇಟಾಬೇಸ್ ಡೈನಮೊಡಿಬಿಯಲ್ಲಾಗಲಿ ಕಸ್ಸಾಂಡ್ರಾದಲ್ಲಾಗಲಿ ಕೀಯನ್ನು ಹ್ಯಾಶ್ ಮಾಡಿ, ಅಂದರೆ ಸೂತ್ರವೊಂದರಿಂದ ಬೇರೆಯೇ ಸಂಖ್ಯೆಯಾಗಿಸಿ, ಜಾಗ ಹುಡುಕುತ್ತಾರೆ. 412 ಮತ್ತು 413ನೇ ನಂಬರಿನವರು ಅಕ್ಕಪಕ್ಕದ ಮನೆಯವರಾದರೂ ಅವರ ಲೆಕ್ಕ ಬೇರೆ ಬೇರೆ ಯಂತ್ರದಲ್ಲಿ ಇರಬಹುದು.

ಇನ್ನು ಇಂಡೆಕ್ಸ್. ಅದನ್ನು ಪುಸ್ತಕದ ಕೊನೆಯ ಪದಪಟ್ಟಿಗೆ ಹೋಲಿಸಿದ್ದೀರಿ. ಆ ಪುಸ್ತಕ ಒಬ್ಬರ ಕೈಯಲ್ಲಿ ಇಡಿಯಾಗಿ ಇರುತ್ತದೆ. ಇಲ್ಲಿ ಪುಸ್ತಕವನ್ನು ಬಿಡಿಸಿ ಹತ್ತು ಮನೆಗೆ ಹಂಚಿಯಾಗಿದೆ. ಹಾಗಾದರೆ ಪದಪಟ್ಟಿ ಯಾರ ಮನೆಯಲ್ಲಿ? ಓದುಗ ಕೇಳುವುದೇ ಇದನ್ನು. ನೀವು ಉತ್ತರ ಕೊಟ್ಟಿಲ್ಲ.

ಸೊಸೈಟಿಯನ್ನೇ ಮುಂದುವರಿಸಿ. "ಇವತ್ತು ಕೆಂಪುಗೋಟು ಜಾತಿಯ ಅಡಿಕೆ ತಂದವರು ಯಾರ್ಯಾರು?" ಅಂತ ಒಬ್ಬರು ಕೇಳಿದರು ಅನ್ನಿ. ಆರೂ ಪುಸ್ತಕಗಳಿಗೆ ಅದರದರದೇ ಪಟ್ಟಿ ಇದ್ದರೆ ಬರೆಯುವುದು ಸುಲಭ, ಹುಡುಕುವಾಗ ಮಾತ್ರ ಆರನ್ನೂ ತೆಗೆಯಬೇಕು. ಕಸ್ಸಾಂಡ್ರಾದ ಮಾಮೂಲಿ ಇಂಡೆಕ್ಸ್ ಹೀಗೇ, ಪ್ರತಿ ಯಂತ್ರಕ್ಕೂ ಅದರದೇ. ಪಾರ್ಟಿಶನ್ ಕೀ ಕೊಡದೆ ಕೇಳಿದರೆ ಪ್ರಶ್ನೆ ಯಂತ್ರದಿಂದ ಯಂತ್ರಕ್ಕೆ ಸುತ್ತಬೇಕು. ಯಂತ್ರ ಜಾಸ್ತಿಯಾದಷ್ಟೂ ಸುತ್ತಾಟ ಜಾಸ್ತಿ.

ಇನ್ನೊಂದು ದಾರಿ ಅಡಿಕೆಯ ಜಾತಿಗೊಂದು ಪ್ರತ್ಯೇಕ ಪುಸ್ತಕ. ಡೈನಮೊಡಿಬಿಯ ಗ್ಲೋಬಲ್ ಇಂಡೆಕ್ಸ್ ಇಂಥದ್ದು. ಕೆಂಪುಗೋಟು ಬೇಕೆಂದರೆ ಒಂದೇ ಕಡೆ ನೋಡಿದರೆ ಆಯಿತು. ಆದರೆ ಪ್ರತಿ ಚೀಲಕ್ಕೂ ಎರಡು ಕಡೆ ಬರೆಯಬೇಕು, ಎರಡನೇ ಬರಹ ತುಸು ತಡವಾಗಿ ಬೀಳುತ್ತದೆ. ಈಗಷ್ಟೇ ತೂಗಿದ ಚೀಲ ಒಂದು ಕ್ಷಣ ಜಾತಿಯ ಪುಸ್ತಕದಲ್ಲಿ ಕಾಣದೇ ಹೋಗಬಹುದು. "ಇಂಡೆಕ್ಸ್ ಹಾಕಿದರೆ ಎಲ್ಲವೂ ವೇಗ" ಅಂತ ಮೂರು ಸಲ ಬರೆದಿದ್ದೀರಿ. ಮೂರೂ ಹೊಡೆದುಹಾಕಿ. ಓದುವವನಿಗೆ ವೇಗ ಸಿಕ್ಕಿತು, ಬರೆಯುವವನಿಗೆ ಕೆಲಸ ಹೆಚ್ಚಿತು.

ಇನ್ನೂ ಒಂದು ಮಾತಿದೆ, ಲೇಖನಕ್ಕೆ ಬೆಲೆ ಬರುವುದು ಅದರಿಂದಲೇ ಅಂತ ನನಗನಿಸುತ್ತದೆ. ಜಾತಿಗಳು ಎಷ್ಟು? ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳೆಗೋಟು, ಹೀಗೆ ಬೆರಳೆಣಿಕೆ. ಬರೀ ಜಾತಿಯನ್ನೇ ಕೀ ಮಾಡಿದರೆ ಸುಗ್ಗಿಯ ಹೊತ್ತಿನಲ್ಲಿ ರಾಶಿಯ ಪುಸ್ತಕದ ಮುಂದೆ ನೂಕುನುಗ್ಗಲು, ಬಿಳೆಗೋಟಿನ ಮುಂದೆ ಯಾರೂ ಇಲ್ಲ. ಡೈನಮೊಡಿಬಿಯಲ್ಲಿ ಆ ನೂಕುನುಗ್ಗಲು ಮೂಲ ಟೇಬಲಿಗೆ, ಅಂದರೆ ನಂಬರಿನ ಪುಸ್ತಕಗಳಿಗೆ, ಬರೆಯುವುದನ್ನೂ ತಡೆಯಬಲ್ಲದು. ಜಾತಿಯ ಜೊತೆ ತಾರೀಕನ್ನೂ ಸೇರಿಸಿದರೆ ಎಲ್ಲ ದಿನಗಳ ರಾಶಿ ಒಂದೇ ಪುಸ್ತಕಕ್ಕೆ ಬೀಳುವುದು ತಪ್ಪುತ್ತದೆ. ಒಂದೇ ದಿನದ ನೂಕುನುಗ್ಗಲು ಉಳಿಯಿತಲ್ಲ, ಅದಕ್ಕೇನು ಮಾಡುತ್ತಾರೆ? ದಿನವೂ ಈ ಕೆಲಸ ಮಾಡುವವರು ನೀವು. ಇದಕ್ಕೆ ಒಂದಿಡೀ ಪುಟ ಕೊಡಿ.

ತಿದ್ದಿ ಕಳಿಸಿ, ಕಾಯುತ್ತೇನೆ. ಒಂದು ವಿಷಯ ಮರೆಯಬೇಡಿ: ನಂಬರ್ ಮರೆತು ಬರೀ ಹೆಸರು ಹೇಳಿದವರು ಬಂದಾಗ ಆ ಗುಮಾಸ್ತರು ಏನು ಮಾಡುತ್ತಿದ್ದರು? ಲೇಖನದಲ್ಲಿ ಇಲ್ಲ. ಅಪ್ಪನನ್ನು ಕೇಳಿ ನೋಡಿ.